ಎಂಜಿನ್ನಿನ ಜನ್ಮದಿನಾಂಕ



ಮೆಲ್ಬರ್ನಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ನನಗೊಂದು ದೀರ್ಘ ಪತ್ರ ಬರೆದಿದ್ದಾನೆ. ಅವನ ಬಳಿ 1973ರ ಹೋಲ್ಡನ್ ಎಚ್‌ಕ್ಯೂ ಮೊನಾರೊ ಜಿಟಿಎಸ್ ಎಂಬ ಎರಡು ಬಾಗಿಲಿನ ಕಾರೊಂದಿದೆ. ಮಗಳ ಮನೆಯಲ್ಲಿ ಕೆಲವು ತಿಂಗಳು ಇದ್ದಾಗ ನಾನೂ ಅದರಲ್ಲಿ ಕುಳಿತು ಸಮುದ್ರತೀರದವರೆಗೆ ಹೋಗಿ ಬಂದಿದ್ದೇನೆ. ಅದನ್ನು ಕೊಳ್ಳುವಾಗ ಮಾರಿದವರು ಒಂದು ಮಾತು ಹೇಳಿದ್ದರಂತೆ: "ಕಾರ್ಖಾನೆಯಿಂದ ಹೊರಬಿದ್ದಾಗ ಇದ್ದ ಎಂಜಿನ್ನೇ ಇದು, ಗೇರ್‌ಬಾಕ್ಸೂ ಅದೇ." ಆ ಒಂದು ವಾಕ್ಯಕ್ಕಾಗಿ ಅವನು ಬಹಳ ಹಣವನ್ನು ಹೆಚ್ಚಾಗಿ ತೆತ್ತಿದ್ದ. ಈಚೆಗೆ ಗೇರ್‌ಬಾಕ್ಸ್ ರಿಪೇರಿಗೆಂದು ಬಿಚ್ಚಿದಾಗ ಮೆಕ್ಯಾನಿಕ್ಕು ಎಂಜಿನ್ನಿನ ಬ್ಲಾಕಿನ ಮೇಲಿನ ಜಿಡ್ಡನ್ನು ಒರೆಸಿ ನೋಡಿದ. ಎರಕದ ಗುರುತು 1976 ಎನ್ನುತ್ತಿತ್ತು. ಸಂಖ್ಯೆ ಒತ್ತಿದ್ದ ಜಾಗದಲ್ಲಿ ಸಾಣೆಯಿಂದ ಉಜ್ಜಿದ ಗೀರುಗಳಿದ್ದವು. ಯಾರೋ ಮಹಾಶಯರು ಬೇರೊಂದು ಕಾರಿನ ಎಂಜಿನ್ನನ್ನು ತಂದು, ಅದರ ಸಂಖ್ಯೆಯನ್ನು ಅಳಿಸಿ, ಈ ಕಾರಿನ ಹಳೆಯ ನೋಂದಣಿ ಪತ್ರದಲ್ಲಿದ್ದ ಸಂಖ್ಯೆಯನ್ನು ಅದರ ಮೇಲೆ ಒತ್ತಿಬಿಟ್ಟಿದ್ದರು.

ಅವನ ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆಯಿದೆ. "ಗುರುಗಳೇ, ನಾನು ಈ ಕಾರನ್ನು ಮಾರಬೇಕೆಂದಿದ್ದೇನೆ. ಕೊಂಡಾಗ ನನಗೆ ಏನು ಹೇಳಿದ್ದರೋ ಅದನ್ನೇ ಹೇಳಿ ಮಾರಿದರೆ ತಪ್ಪೇನು? ಸುಳ್ಳನ್ನು ಹುಟ್ಟಿಸಿದವನು ನಾನಲ್ಲ. ಹೋದ ಎಂಜಿನ್ನೂ 308, ಈಗಿರುವ ಎಂಜಿನ್ನೂ 308. ಓಡುವುದರಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ." ಅಲ್ಲಿನ ಕಾರುಪ್ರೇಮಿ ಮಿತ್ರರಲ್ಲಿ ಕೆಲವರು "ಯಾರು ಜಿಡ್ಡು ಒರೆಸಿ ನೋಡುತ್ತಾರೆ, ಸುಮ್ಮನೆ ಮಾರು" ಎಂದರಂತೆ. ಇನ್ನು ಕೆಲವರು "ಇನ್ನು ಅದು ಕಾರೇ ಅಲ್ಲ, ಬಿಡಿಭಾಗಗಳ ರಾಶಿ" ಎಂದರಂತೆ. ನನ್ನ ದೃಷ್ಟಿಯಲ್ಲಿ ಈ ಎರಡೂ ಮಾತುಗಳು ತಪ್ಪು. ಮೊದಲನೆಯದು ಎಷ್ಟು ತಪ್ಪೋ ಎರಡನೆಯದೂ ಅಷ್ಟೇ ತಪ್ಪು. ಅವನ ಅನುಮತಿಯನ್ನು ಪಡೆದು, ಹೆಸರನ್ನು ಬಿಟ್ಟು, ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ. ಹಳೆಯ ಕಾರುಗಳ ವಿಷಯ ನಮಗೇಕೆ ಎನ್ನುವವರು ಸ್ವಲ್ಪ ತಾಳ್ಮೆಯಿಂದ ಓದಬೇಕೆಂದು ಕೋರಿಕೆ.

ಮೊದಲು ವಿಷಯದ ಪರಿಚಯ. ನಮ್ಮ ಆರ್.ಸಿ. ಪುಸ್ತಕದಲ್ಲಿ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ ಎಂದು ಎರಡು ಸಾಲುಗಳಿರುವುದನ್ನು ನೀವೆಲ್ಲ ನೋಡಿದ್ದೀರಿ. ಆರ್.ಟಿ.ಒ. ಕಚೇರಿಯಲ್ಲಿ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಆ ಅಂಕಿಗಳ ಅಚ್ಚು ತೆಗೆಯುವುದನ್ನೂ ನೋಡಿರಬಹುದು. ಆಸ್ಟ್ರೇಲಿಯದ ಹಳೆಯ ಕಾರುಗಳಲ್ಲೂ ಇಂಥ ಸಂಖ್ಯೆಗಳೂ ಫಲಕಗಳೂ ಇವೆ. ಕಾರು ಕಾರ್ಖಾನೆಯಿಂದ ಯಾವ ಎಂಜಿನ್ನಿನೊಡನೆ, ಯಾವ ಗೇರ್‌ಬಾಕ್ಸಿನೊಡನೆ ಹೊರಟಿತೋ ಅದೇ ಜೋಡಿ ಇಂದಿಗೂ ಅದರಲ್ಲಿದ್ದರೆ ಅದನ್ನು ಅಲ್ಲಿನವರು 'ಮ್ಯಾಚಿಂಗ್ ನಂಬರ್ಸ್' ಎಂದು ಕರೆಯುತ್ತಾರೆ. ಸಂಖ್ಯೆಗಳು ತಾಳೆಯಾಗುತ್ತವೆ ಎಂದು ಅರ್ಥ.

ಈ ಜೋಡಿಗೆ ಇಷ್ಟು ಮಹತ್ವ ಏಕೆ ಬಂತು ಎಂಬುದನ್ನು ತಿಳಿಯಲು ಸ್ವಲ್ಪ ಇತಿಹಾಸ ಬೇಕು. 1948ರ ನವೆಂಬರ್ 29ರಂದು ಪ್ರಧಾನಿ ಬೆನ್ ಚಿಫ್ಲಿ ಅವರು ಮೆಲ್ಬರ್ನಿನ ಫಿಶರ್‌ಮನ್ಸ್ ಬೆಂಡ್‌ನಲ್ಲಿ ಮೊದಲ ಹೋಲ್ಡನ್ ಕಾರನ್ನು ಲೋಕಾರ್ಪಣೆ ಮಾಡಿದಾಗ ಇಂಥ ಗೊಂದಲವೇ ಇರಲಿಲ್ಲ. 132.5 ಘನ ಅಂಗುಲದ ಆರು ಸಿಲಿಂಡರಿನ ಒಂದೇ ಎಂಜಿನ್ನು. ಮೂರು ವೇಗದ ಒಂದೇ ಗೇರ್‌ಬಾಕ್ಸು. ಗೇರಿನ ಹಿಡಿ ನಮ್ಮ ಹಳೆಯ ಅಂಬಾಸಿಡರಿನಲ್ಲಿದ್ದಂತೆ ಸ್ಟೀರಿಂಗ್ ಕಂಬದ ಮೇಲೆಯೇ ಇರುತ್ತಿತ್ತು. ಬೂದು ಬಣ್ಣ ಬಳಿದಿದ್ದರಿಂದ ಆ ಎಂಜಿನ್ನಿಗೆ 'ಗ್ರೇ ಮೋಟಾರ್' ಎಂದೇ ಹೆಸರಾಯಿತು. 1963ರಲ್ಲಿ ಇಎಚ್ ಮಾದರಿಯೊಡನೆ ಕೆಂಪು ಬಣ್ಣದ ಹೊಸ ಎಂಜಿನ್ನು ಬಂತು. ಅದೂ 149 ಮತ್ತು 179 ಘನ ಅಂಗುಲಗಳ ಎರಡು ಗಾತ್ರಗಳಲ್ಲಿ. ಮುಂದೆ ಅದೇ ಕೆಂಪು ವಂಶದಲ್ಲಿ 161, 186, 173, 202 ಎಂದು ಸಂತಾನ ಬೆಳೆಯಿತು. 1969ರಲ್ಲಿ ಹೋಲ್ಡನ್ನಿನದೇ ವಿ8 ಎಂಜಿನ್ನುಗಳು 253 ಮತ್ತು 308 ಎಂಬ ಗಾತ್ರಗಳಲ್ಲಿ ಬಂದವು. 308 ಎಂದರೆ ಐದು ಲೀಟರಿಗಿಂತ ತುಸು ಹೆಚ್ಚು. ನಮ್ಮ 1489 ಸಿ.ಸಿ. ಅಂಬಾಸಿಡರ್ ಎಂಜಿನ್ನುಗಳು ಮೂರು ಸೇರಿದರೂ ಅದಕ್ಕೆ ಸಮನಾಗವು.

ಇದರ ಜೊತೆಗೆ ಬಾಥರ್ಸ್ಟ್ ಪಂದ್ಯದ ಪ್ರಭಾವವನ್ನೂ ಸೇರಿಸಿ ನೋಡಬೇಕು. 1963ರಿಂದ ನ್ಯೂ ಸೌತ್ ವೇಲ್ಸ್‌ನ ಆ ಬೆಟ್ಟದ ರಸ್ತೆಯಲ್ಲಿ 500 ಮೈಲಿಯ ಪಂದ್ಯ ನಡೆಯತೊಡಗಿತು. ಅಂಗಡಿಯಲ್ಲಿ ಸಾಮಾನ್ಯ ಗಿರಾಕಿಗೆ ಮಾರುವ ಕಾರುಗಳೇ ಅಲ್ಲಿ ಓಡಬೇಕೆಂಬುದು ಅದರ ಮುಖ್ಯ ನಿಯಮ. ಗೆಲ್ಲಬೇಕಾದರೆ ಗೆಲ್ಲುವಂಥ ಎಂಜಿನ್ನು, ಗೇರ್‌ಬಾಕ್ಸುಗಳ ಜೋಡಿಯನ್ನು ಮೊದಲು ಜನರಿಗೆ ಮಾರಬೇಕು! ಹೀಗಾಗಿ ಕಂಪನಿಗಳು ಸಣ್ಣ ಸಣ್ಣ ಸಂಖ್ಯೆಯಲ್ಲಿ ವಿಶೇಷ ಜೋಡಿಗಳನ್ನು ಕಟ್ಟಿದವು. ಇಎಚ್‌ನಲ್ಲಿ 179 ಎಂಜಿನ್ನು ಮೊದಲು ಆಟೋಮ್ಯಾಟಿಕ್ ಗೇರಿನೊಡನೆ ಮಾತ್ರ ಸಿಗುತ್ತಿತ್ತು. ಅದೇ ವರ್ಷದ ಪಂದ್ಯಕ್ಕಾಗಿ ಅದನ್ನು ಮ್ಯಾನ್ಯುಯಲ್ ಗೇರ್‌ಬಾಕ್ಸಿಗೆ ಜೋಡಿಸಿದ 'ಎಸ್4' ಎಂಬ ಕಾರುಗಳು ಸುಮಾರು 120 ಮಾತ್ರ ತಯಾರಾದವು. 1968ರಲ್ಲಿ ಮೊನಾರೊ ಜಿಟಿಎಸ್ ಕಾರಿಗೆ ಷೆವ್ರೊಲೆಯ 327 ವಿ8 ಎಂಜಿನ್ನನ್ನೂ ನಾಲ್ಕು ವೇಗದ ಗೇರ್‌ಬಾಕ್ಸನ್ನೂ ಕೊಟ್ಟರು. ಆ ವರ್ಷದ ಪಂದ್ಯವನ್ನು ಅದೇ ಗೆದ್ದಿತು. 1971ರಲ್ಲಿ ಫೋರ್ಡ್ ಕಂಪನಿ ಫಾಲ್ಕನ್ ಜಿಟಿ-ಎಚ್‌ಒ ಫೇಸ್ 3 ಎಂಬ ಕಾರನ್ನು 351 ಕ್ಲೀವ್‌ಲ್ಯಾಂಡ್ ಎಂಜಿನ್ನಿಗೂ 'ಟಾಪ್‌ಲೋಡರ್' ಎಂಬ ನಾಲ್ಕು ವೇಗದ ಗೇರ್‌ಬಾಕ್ಸಿಗೂ ಗಂಟುಹಾಕಿ 300ರಷ್ಟು ಮಾತ್ರ ಕಟ್ಟಿತು.

ಗೇರ್‌ಬಾಕ್ಸು ಎಷ್ಟು ದೊಡ್ಡ ಸಾಕ್ಷಿ ಎಂಬುದಕ್ಕೆ ಕ್ರೈಸ್ಲರ್ ಕಂಪನಿಯ ವೇಲಿಯಂಟ್ ಚಾರ್ಜರ್ ಒಳ್ಳೆಯ ನಿದರ್ಶನ. 1971ರ ಇ38 ಎಂಬ ಚಾರ್ಜರಿನಲ್ಲೂ 1972ರ ಇ49ರಲ್ಲೂ ಮೂರು ವೆಬರ್ ಕಾರ್ಬ್ಯುರೇಟರುಗಳ 265 ಹೆಮಿ ಎಂಜಿನ್ನೇ ಇತ್ತು. ಆದರೆ ಇ38ಕ್ಕೆ ಇದ್ದದ್ದು ಮೂರೇ ವೇಗ. ನಾಲ್ಕನೆಯ ಗೇರು ಬಂದದ್ದು ಇ49ರಲ್ಲಿ. ಆದ್ದರಿಂದ ಯಾರಾದರೂ ಇ38 ಎಂದು ಹೇಳಿ ನಾಲ್ಕು ಗೇರು ಹಾಕಿ ತೋರಿಸಿದರೆ, ಕಾರು ಎಷ್ಟೇ ಚೆನ್ನಾಗಿ ಓಡಲಿ, ಆ ಗೇರ್‌ಬಾಕ್ಸು ಅನಂತರ ಬಂದದ್ದು ಎಂದು ತಿಳಿಯಬೇಕು. ಇನ್ನೊಂದು ವಿಚಿತ್ರವಿದೆ. ಚಾರ್ಜರುಗಳಲ್ಲೇ 340 ವಿ8 ಎಂಜಿನ್ನಿದ್ದ ಇ55 ಆಟೋಮ್ಯಾಟಿಕ್ ಗೇರಿನೊಡನೆ ಮಾತ್ರ ಬರುತ್ತಿತ್ತು. 'ಮ್ಯಾನ್ಯುಯಲ್ ಗೇರೆಂದರೆ ಶ್ರೇಷ್ಠ, ಅದೇ ಮೂಲ' ಎಂಬ ನಂಬಿಕೆಯಿಂದ ಅದಕ್ಕೆ ಕ್ಲಚ್ ಪೆಡಲು ಕೂರಿಸಿದರೆ ಕಾರಿನ ಚರಿತ್ರೆಯನ್ನೇ ಅಳಿಸಿದಂತೆ. ಯಾವುದು ಶ್ರೇಷ್ಠ ಎಂಬುದು ಒಂದು ಪ್ರಶ್ನೆ, ಯಾವುದು ಮೂಲ ಎಂಬುದು ಇನ್ನೊಂದು ಪ್ರಶ್ನೆ. ಇವೆರಡನ್ನು ಒಂದೇ ಎಂದು ಭಾವಿಸುವುದರಿಂದಲೇ ಅರ್ಧ ಅನರ್ಥಗಳು ಹುಟ್ಟುತ್ತವೆ.

ಇನ್ನು ಈ ಮೂಲವನ್ನು ಗುರುತಿಸುವ ಬಗೆ. ಇಲ್ಲಿಯೂ ಎಲ್ಲ ಕಂಪನಿಗಳ ಪದ್ಧತಿ ಒಂದೇ ಅಲ್ಲ. ಆಸ್ಟ್ರೇಲಿಯದ ಫೋರ್ಡ್ ಕಂಪನಿ ಆ ಕಾಲದ ಫಾಲ್ಕನ್‌ಗಳಲ್ಲಿ ಕಾರಿನ ಸಂಖ್ಯೆಯನ್ನೇ ಎಂಜಿನ್ನಿನ ಮೇಲೂ ಒತ್ತುತ್ತಿತ್ತು. ಅಲ್ಲಿ 'ಸಂಖ್ಯೆಗಳ ತಾಳೆ' ಎಂಬ ಮಾತಿಗೆ ಅಕ್ಷರಶಃ ಅರ್ಥವಿದೆ. ಸಂಖ್ಯೆಯ ಮೊದಲ ಅಕ್ಷರ ದೇಶವನ್ನೂ ಎರಡನೆಯದು ಕಾರ್ಖಾನೆಯನ್ನೂ ಸೂಚಿಸುತ್ತವೆ. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್‌ಗಳಿಗೆ ಫಲಕದಲ್ಲಿ ಪ್ರತ್ಯೇಕ ಸಂಕೇತಾಕ್ಷರಗಳ ಚೌಕಗಳಿರುತ್ತವೆ. ಹೋಲ್ಡನ್ನಿನ ಕ್ರಮ ಬೇರೆ. ಅಲ್ಲಿ ಎಂಜಿನ್ನಿಗೆ ತನ್ನದೇ ಸಂಖ್ಯೆ, ಕಾರಿಗೆ ತನ್ನದೇ ಸಂಖ್ಯೆ. ಎಚ್‌ಕ್ಯೂ ಮಾದರಿಯ ಎಂಜಿನ್ ಸಂಖ್ಯೆ ಕ್ಯೂ ಅಕ್ಷರದಿಂದ ಆರಂಭವಾಗುತ್ತದೆ. ಅದರ ಪಕ್ಕದ ಅಕ್ಷರ ಎಂಜಿನ್ನಿನ ಬಗೆಯನ್ನು ಹೇಳುತ್ತದೆ. ಇದರಿಂದ 'ಈ ಬಗೆಯ ಕಾರಿಗೆ ಈ ಬಗೆಯ ಎಂಜಿನ್ನು ಸರಿ' ಎಂದು ಹೇಳಬಹುದೇ ಹೊರತು, 'ಈ ಕಾರಿಗೆ ಹುಟ್ಟಿದಾಗ ಇದ್ದದ್ದು ಇದೇ ಎಂಜಿನ್ನು' ಎಂದು ಹೇಳಲಾಗದು. ಅದಕ್ಕೆ ಹಳೆಯ ನೋಂದಣಿ ಪತ್ರ, ಮೊದಲ ಮಾಲೀಕನ ಕೈಪಿಡಿ, ಸರ್ವಿಸ್ ಪುಸ್ತಕಗಳಂಥ ಬೇರೆ ದಾಖಲೆ ಬೇಕು. ನನ್ನ ವಿದ್ಯಾರ್ಥಿ ಮೋಸಹೋದದ್ದು ಇಲ್ಲಿಯೇ. ಮಾರಿದವರು ದಾಖಲೆಯನ್ನು ಮೊದಲು ಹುಡುಕಿ, ಅದಕ್ಕೆ ಹೊಂದುವಂತೆ ಕಬ್ಬಿಣವನ್ನು ತಿದ್ದಿದ್ದರು.

ಆದರೆ ಕಬ್ಬಿಣವನ್ನು ತಿದ್ದುವುದು ಅಷ್ಟು ಸುಲಭವಲ್ಲ. ಬ್ಲಾಕನ್ನು ಎರಕ ಹೊಯ್ದ ಕಾಲವನ್ನು ಸೂಚಿಸುವ ಗುರುತು ಅಚ್ಚಿನಲ್ಲಿಯೇ ಮೂಡಿರುತ್ತದೆ. ಎರಕದ ದಿನ ಕಾರು ಕಟ್ಟಿದ ದಿನಕ್ಕಿಂತ ಮುಂಚಿನದಾಗಿರಲೇಬೇಕು; ಮಗ ತಂದೆಗಿಂತ ಮೊದಲು ಹುಟ್ಟಲಾರ. ಫೋರ್ಡಿನ ಗೀಲಾಂಗ್ ಕಾರ್ಖಾನೆಯಲ್ಲಿ ಕ್ಲೀವ್‌ಲ್ಯಾಂಡ್ ಎಂಜಿನ್ನುಗಳ ತಯಾರಿಕೆ ಆರಂಭವಾದದ್ದು 1971ರ ಕೊನೆಯ ಭಾಗದಲ್ಲಿ. ಅದಕ್ಕೂ ಮೊದಲು ಅವು ಅಮೆರಿಕದಿಂದ ಬರುತ್ತಿದ್ದವು. ಹಾಗಿರುವಾಗ 1971ರ ನಡುವಿನಲ್ಲಿ ಕಟ್ಟಿದ ಕಾರಿನಲ್ಲಿ ಗೀಲಾಂಗ್ ಎರಕದ ಬ್ಲಾಕು ಕಂಡರೆ, ಅದರ ಮೇಲೆ ಯಾವ ಸಂಖ್ಯೆ ಇದ್ದರೂ ಅದು ಮೂಲವಲ್ಲ. ಸಂಖ್ಯೆ ಒತ್ತುವ ಜಾಗದಲ್ಲಿ ಕಾರ್ಖಾನೆಯ ಯಂತ್ರ ಕೊರೆದ ಸಮಾನಾಂತರ ಗೆರೆಗಳಿದ್ದರೆ ಒಳ್ಳೆಯದು. ಕೈಸಾಣೆಯ ಅಡ್ಡಾದಿಡ್ಡಿ ಗೀರುಗಳಿದ್ದರೆ ಅನುಮಾನ ಪಡಬೇಕು. ಅಂಕಿಗಳ ಆಕಾರ, ಆಳ, ಸಾಲು ಅದೇ ಕಾಲದ ಇತರ ಕಾರುಗಳ ಅಂಕಿಗಳಿಗೆ ಹೊಂದಬೇಕು. ಸ್ಟೀರಿಂಗ್ ಕಂಬದ ಗೇರನ್ನು ನೆಲದ ಗೇರಾಗಿ ಬದಲಿಸಿದ್ದರೆ ಕಂಬದಲ್ಲಿ ಮುಚ್ಚಿದ ರಂಧ್ರವೂ, ನೆಲದ ತಗಡಿನಲ್ಲಿ ಕೈಯಿಂದ ಕತ್ತರಿಸಿದ ಅಂಚೂ ಉಳಿದಿರುತ್ತವೆ. ಒಟ್ಟಿನಲ್ಲಿ ಒಂದು ಗುರುತನ್ನು ನಂಬಿ ತೀರ್ಪು ಕೊಡಬಾರದು; ಎಲ್ಲ ಗುರುತುಗಳೂ ಒಂದೇ ಮಾತನ್ನು ಹೇಳುತ್ತವೆಯೇ ಎಂದು ನೋಡಬೇಕು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಶಾಸನಶಾಸ್ತ್ರ. ಗಂಗರ ತಾಮ್ರಶಾಸನಗಳಲ್ಲಿ ಹಲವು ಕೂಟಶಾಸನಗಳೆಂದು ಫ್ಲೀಟ್ ಅವರು ವಾದಿಸಿದ್ದರು. ರೈಸ್ ಅವರು ಅದನ್ನು ಒಪ್ಪಲಿಲ್ಲ. ಆ ವಿವಾದ ಹಾಗಿರಲಿ. ಪರೀಕ್ಷೆಯ ವಿಧಾನವನ್ನು ಗಮನಿಸಿ: ಲಿಪಿ ಹೇಳುವ ಕಾಲವೂ, ಒಕ್ಕಣೆ ಹೇಳುವ ಕಾಲವೂ, ತಿಥಿವಾರಗಳ ಲೆಕ್ಕವೂ ಒಂದಕ್ಕೊಂದು ಕೂಡಿಬರಬೇಕು. ಕೂಡಿಬರದಿದ್ದರೆ ತಾಮ್ರ ಎಷ್ಟೇ ಹಳೆಯದಾಗಿ ಕಾಣಲಿ, ಅನುಮಾನ ತಪ್ಪದು. ದಾನದ ಭೂಮಿ ಕೈತಪ್ಪೀತೆಂಬ ಭಯಕ್ಕೋ, ಇಲ್ಲದ ಭೂಮಿ ದಕ್ಕೀತೆಂಬ ಆಸೆಗೋ ಅಂದಿನವರು ಶಾಸನವನ್ನು ಸೃಷ್ಟಿಸುತ್ತಿದ್ದರು. ಇಂದಿನವರು ಎಂಜಿನ್ ಸಂಖ್ಯೆಯನ್ನು ಸೃಷ್ಟಿಸುತ್ತಾರೆ. ಲೋಹ ಬದಲಾಗಿದೆ, ಮನಸ್ಸು ಬದಲಾಗಿಲ್ಲ.

ಆಸೆಗೆ ಕಾರಣ ಹಣ. 2018ರಲ್ಲಿ ಒಂದು ಫೇಸ್ 3 ಫಾಲ್ಕನ್ ಕಾರು ಹರಾಜಿನಲ್ಲಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರುಗಳಿಗೂ ಹೆಚ್ಚಿನ ಬೆಲೆಗೆ ಹೋಯಿತು. ಹಿಂದೊಮ್ಮೆ ಅದು ಜೆಫ್ ಥಾಮ್ಸನ್ ಅವರ ಕಾರಾಗಿತ್ತು. ಹೌದು, 1977-78ರ ಸರಣಿಯಲ್ಲಿ ನಮ್ಮ ವಿಶ್ವನಾಥ್ ಎದುರಿಸಿದ, ನಾವು ರೇಡಿಯೋಗೆ ಕಿವಿಯಿಟ್ಟು ಹೆಸರು ಕೇಳಿದ್ದ ಅದೇ ವೇಗದ ಬೌಲರ್. ಅದೇ ಕಾಲದ ಒಂದು ಸಾಧಾರಣ ಫಾಲ್ಕನ್ನಿಗೂ ಇದಕ್ಕೂ ದೂರದಿಂದ ನೋಡುವವನಿಗೆ ಹೆಚ್ಚಿನ ಭೇದ ಕಾಣುವುದಿಲ್ಲ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ಹೀಗಿರುವಾಗ ಸಾಧಾರಣವಾದದ್ದನ್ನು ಅಸಾಧಾರಣವೆಂದು ತೋರಿಸುವ ಕಸುಬು ಹುಟ್ಟದೆ ಇದ್ದೀತೇ? ಬಣ್ಣ, ಪಟ್ಟೆ, ಬ್ಯಾಡ್ಜುಗಳು ಕೊಂಡರೆ ಸಿಗುತ್ತವೆ. ಹೋಲ್ಡನ್ನಿನ 253ಕ್ಕೂ 308ಕ್ಕೂ ಪಿಸ್ಟನ್ನಿನ ಓಟ ಒಂದೇ. ಸಿಲಿಂಡರಿನ ಅಗಲ ಮಾತ್ರ ಬೇರೆ. ಹೊರಗಿನಿಂದ ನೋಡಿದವನಿಗೆ ಅಣ್ಣ ಯಾರು, ತಮ್ಮ ಯಾರು ಎಂದು ಗೊತ್ತಾಗುವುದಿಲ್ಲ. ಕೊನೆಗೆ ಅಡ್ಡಿಯಾಗುವುದು ಆ ಪುಟ್ಟ ಸಂಖ್ಯೆಯೊಂದೇ. ಆದ್ದರಿಂದ ಸಾಣೆ ಹಿಡಿಯುತ್ತಾರೆ.

ಈಗ 'ಯಾರು ನೋಡುತ್ತಾರೆ' ಎಂದವರಿಗೆ ನನ್ನ ಉತ್ತರ. ಓಡುವುದರಲ್ಲಿ ವ್ಯತ್ಯಾಸವಿಲ್ಲ ಎಂಬುದು ನಿಜ. ಆದರೆ ಕೊಳ್ಳುವವನು ಹೆಚ್ಚಿನ ಹಣ ಕೊಡುತ್ತಿರುವುದು ಓಟಕ್ಕಲ್ಲ. ಓಟಕ್ಕೆ ಇಂದಿನ ಯಾವ ಸಣ್ಣ ಕಾರಾದರೂ ಸಾಕು. ಅವನು ಕೊಡುತ್ತಿರುವುದು 'ಈ ಎರಡು ವಸ್ತುಗಳು ಐವತ್ತು ವರ್ಷಗಳ ಹಿಂದೆ ಒಂದೇ ಸಾಲಿನಲ್ಲಿ ಒಂದನ್ನೊಂದು ಕೂಡಿಕೊಂಡವು' ಎಂಬ ಒಂದು ಐತಿಹಾಸಿಕ ಹೇಳಿಕೆಗೆ. ಆ ಹೇಳಿಕೆ ಸುಳ್ಳಾದರೆ ಅವನಿಗೆ ಮಾರಿದ್ದು ಶೂನ್ಯವನ್ನು. ಅಕ್ಕಿಯಲ್ಲಿ ಕಲ್ಲು ಬೆರೆಸಿದವನಾದರೂ ಒಂದಿಷ್ಟು ಅಕ್ಕಿಯನ್ನು ಕೊಟ್ಟಿರುತ್ತಾನೆ! ಅಲ್ಲದೆ ವಾಹನದ ಗುರುತು ಸಂಖ್ಯೆಗಳನ್ನು ತಿದ್ದುವುದು ನ್ಯೂ ಸೌತ್ ವೇಲ್ಸ್‌ನಲ್ಲಿ ಕಾನೂನಿನಂತೆ ಅಪರಾಧ. ಕದ್ದ ಕಾರುಗಳನ್ನು ಮರೆಮಾಚಲು ಬಳಸುವ ವಿದ್ಯೆಯೂ ಇದೇ ಎಂಬುದನ್ನು ಮರೆಯಬಾರದು.

ಎರಡನೆಯ ಗುಂಪಿನವರ ಮೇಲೆ ನನಗೆ ಇನ್ನೂ ಹೆಚ್ಚಿನ ಸಿಟ್ಟಿದೆ. 'ಮೂಲ ಎಂಜಿನ್ನಿಲ್ಲದ ಕಾರು ಕಾರೇ ಅಲ್ಲ' ಎನ್ನುವ ಮಡಿವಂತರಿವರು. ಎಚ್‌ಕ್ಯೂ ಮಾದರಿಯ ಕಾರುಗಳು 4 ಲಕ್ಷ 85 ಸಾವಿರಕ್ಕೂ ಹೆಚ್ಚು ತಯಾರಾದವು. ಅವು ವಸ್ತುಸಂಗ್ರಹಾಲಯಕ್ಕೆಂದು ಹುಟ್ಟಿದವಲ್ಲ. ರೈತ ಕುರಿಗಳ ಹಿಂಡಿನ ಹಿಂದೆ ಓಡಿಸಿದ, ಬಡಗಿ ಹಲಗೆ ಹೇರಿದ, ತಾಯಿ ಮಕ್ಕಳನ್ನು ಶಾಲೆಗೆ ಬಿಟ್ಟಳು. ಎಂಜಿನ್ನು ಸವೆದಾಗ ಅದನ್ನು ಕೊಟ್ಟು, ದುರಸ್ತಿ ಮಾಡಿದ ಬದಲಿ ಎಂಜಿನ್ನನ್ನು ಹಾಕಿಸಿಕೊಳ್ಳುವುದು ಅಲ್ಲಿ ಅತ್ಯಂತ ಸಾಮಾನ್ಯವಾದ ಪದ್ಧತಿಯಾಗಿತ್ತು. 173 ಸವೆದರೆ ಅದೇ ಕೆಂಪು ವಂಶದ 202 ಕೂರಿಸಿದರು. ಇಲ್ಲಿ ನಮ್ಮ ಅಂಬಾಸಿಡರುಗಳ ಪೆಟ್ರೋಲ್ ಎಂಜಿನ್ ಕಳಚಿ ಡೀಸೆಲ್ ಎಂಜಿನ್ ಹಾಕಿಸಲಿಲ್ಲವೇ? ಅದರಲ್ಲಿ ನಾಚಿಕೆಯ ಮಾತೇನಿದೆ? ಅದು ಆ ಸಂಸಾರದ ಕಥೆ, ಅದೂ ಇತಿಹಾಸವೇ. ಬದಲಾದದ್ದನ್ನು ಬದಲಾಗಿದೆ ಎಂದು ಹೇಳಿಕೊಳ್ಳುವ ಕಾರು ಪ್ರಾಮಾಣಿಕವಾದ ಕಾರು.

ಈ ಮಡಿವಂತಿಕೆಯಿಂದ ಆಗಿರುವುದೇನು? ಪ್ರಾಮಾಣಿಕವಾದ ಕಾರಿಗೆ ಮರ್ಯಾದೆಯೂ ಬೆಲೆಯೂ ಇಲ್ಲವಾಗಿ, ಅದರ ಒಡೆಯ ಸತ್ಯ ಹೇಳಿದ್ದಕ್ಕೆ ದಂಡ ತೆರುತ್ತಾನೆ. ಸುಳ್ಳು ಹೇಳಿದವನು ಬಹುಮಾನ ಪಡೆಯುತ್ತಾನೆ. ಹೀಗೆ ಶುದ್ಧಿಯನ್ನು ಅತಿಯಾಗಿ ಪೂಜಿಸುವವರೇ ಕೂಟಸಂಖ್ಯೆಗಳಿಗೆ ಮಾರುಕಟ್ಟೆಯನ್ನು ಒದಗಿಸುತ್ತಿದ್ದಾರೆ. ಸಾಣೆ ಹಿಡಿಯುವವನ ಕೈ ಒಬ್ಬನದು. ಆ ಕೈಗೆ ಕೂಲಿ ಕೊಡುವವರು ಇವರು. ಮೂಲಜೋಡಿಗೆ ಹೆಚ್ಚಿನ ಬೆಲೆ ಇರಬಾರದೆಂದು ನಾನು ಹೇಳುತ್ತಿಲ್ಲ. 120 ಎಸ್4 ಕಾರುಗಳಲ್ಲಿ ಕೈಗೆಟಕುವ ಒಂದು ಅಪೂರ್ವವಾದದ್ದೇ. ಆದರೆ ಅಪೂರ್ವವಲ್ಲದ್ದೆಲ್ಲ ಕಸ ಎಂಬ ತೀರ್ಪು ಕೊಡಲು ಇವರಿಗೆ ಅಧಿಕಾರ ಕೊಟ್ಟವರಾರು?

ಇನ್ನು ನನ್ನ ವಿದ್ಯಾರ್ಥಿಯ ಮಾತು: 'ಸುಳ್ಳು ನನ್ನದಲ್ಲ, ನಾನು ದಾಟಿಸುವವನು ಮಾತ್ರ.' ಇದಕ್ಕೆ ಉತ್ತರಿಸಲು ನನ್ನ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಇದುವರೆಗೆ ಈ ಪುಟದಲ್ಲಿ ಬರೆದಿಲ್ಲ.

ನಾನು ಹಳ್ಳಿಯ ಶಾಲೆಯೊಂದರಲ್ಲಿ ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದ ಕಾಲ. ಜೂನ್ ತಿಂಗಳಲ್ಲಿ ಪರಿಚಿತರೊಬ್ಬರು ಮಗನನ್ನು ಸೇರಿಸಲು ಬಂದರು. "ಮೇಷ್ಟ್ರೇ, ಹುಟ್ಟಿದ ದಿನ ಸ್ವಲ್ಪ ಈಚೆಗೆ ಬರೆದುಕೊಳ್ಳಿ, ಮುಂದೆ ನೌಕರಿಗೆ ಅನುಕೂಲ" ಎಂದರು. ಆ ಕಾಲದಲ್ಲಿ ಎಷ್ಟೋ ಮಂದಿ ಹೀಗೆ ಬರೆಯುತ್ತಿದ್ದರು. ನಾನೂ ದಾಕ್ಷಿಣ್ಯಕ್ಕೆ ಒಳಗಾಗಿ ದಾಖಲಾತಿ ಪುಸ್ತಕದಲ್ಲಿ ಹದಿನಾಲ್ಕು ತಿಂಗಳು ಕಡಿಮೆ ಮಾಡಿ ಬರೆದೆ. ಮರುವರ್ಷ ನನಗೆ ವರ್ಗವಾಯಿತು. ಆ ಬಳಿಕ ಹುಡುಗನ ತಮ್ಮ ಸೇರಿದಾಗ ಬೇರೊಬ್ಬ ಉಪಾಧ್ಯಾಯರು ಜನನ ದಾಖಲೆಯನ್ನು ನೋಡಿ ನಿಜವಾದ ದಿನಾಂಕವನ್ನೇ ಬರೆದರು. ಅನಂತರ ಬಂದವರೆಲ್ಲ ನನ್ನ ಬರಹವನ್ನು ನಂಬಿ ವರ್ಗಾವಣೆ ಪತ್ರಕ್ಕೆ, ಅಲ್ಲಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ ಅದನ್ನೇ ದಾಟಿಸಿದರು. ಯಾರೂ ಹೊಸ ಸುಳ್ಳು ಹೇಳಲಿಲ್ಲ. ಹಲವು ವರ್ಷಗಳ ಮೇಲೆ ಅಣ್ಣನಿಗೆ ಸರ್ಕಾರಿ ಕೆಲಸದ ಆದೇಶ ಬಂದು ದಾಖಲೆಗಳ ಪರಿಶೀಲನೆಯಾದಾಗ ಇಬ್ಬರ ಕಾಗದಗಳೂ ಒಂದೇ ಮೇಜಿನ ಮೇಲೆ ಬಂದವು. ಒಂದೇ ತಾಯಿಯ ಮಕ್ಕಳಿಗೆ ನಾಲ್ಕೇ ತಿಂಗಳ ಅಂತರ! ಆ ಹುಡುಗ ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದ. ಅನುಕೂಲವಾಗಲೆಂದು ಮಾಡಿದ ತಿದ್ದುಪಡಿಯಿಂದಲೇ ಅವನ ಕೆಲಸ ಕೈತಪ್ಪುವ ಸ್ಥಿತಿ ಬಂದಿತ್ತು. ಕೊನೆಗೆ ನಾನು ಹೋಗಿ 'ಈ ಕೈಬರಹ ನನ್ನದು, ಈ ದಿನಾಂಕ ತಪ್ಪು' ಎಂದು ಲಿಖಿತವಾಗಿ ಕೊಟ್ಟು ಬಂದೆ. ಆ ದಿನ ಗುಮಾಸ್ತರ ಎದುರಿಗೆ ನಿಂತಾಗ ಆದ ಅವಮಾನವನ್ನು ನಾನು ಮರೆತಿಲ್ಲ, ಮರೆಯಬಾರದು ಕೂಡ.

ಆ ಅನುಭವದಿಂದ ನಾನು ಕಲಿತದ್ದು ಎರಡು ವಿಷಯ. ಸುಳ್ಳು ದಾಖಲೆ ತಾನೊಂದೇ ಇರುವವರೆಗೆ ಸತ್ಯದಂತೆಯೇ ಕಾಣುತ್ತದೆ. ಪಕ್ಕದಲ್ಲಿ ಇನ್ನೊಂದು ದಾಖಲೆ ಬಂದು ಕುಳಿತಾಗ ಸಿಕ್ಕಿಬೀಳುತ್ತದೆ. ಮೊನಾರೊ ಕಾರಿನ ಒತ್ತಿದ ಸಂಖ್ಯೆಯೂ ಎರಕದ ಗುರುತೂ ಆ ಅಣ್ಣತಮ್ಮಂದಿರ ಹಾಗೆಯೇ. ಎರಡನೆಯದಾಗಿ, ತಿಳಿಯದೆ ದಾಟಿಸಿದವನು ನಿರ್ದೋಷಿ. ತಿಳಿದ ಮೇಲೂ ದಾಟಿಸಿದವನು ನಿರ್ದೋಷಿಯಲ್ಲ. ಮಗೂ, ಜಿಡ್ಡು ಒರೆಸಿದ ಕ್ಷಣದವರೆಗೆ ಆ ಸುಳ್ಳು ಬೇರೆಯವರದಾಗಿತ್ತು. ಈಗ ನೀನು ಅದೇ ಮಾತನ್ನು ಹೇಳಿದರೆ ಅದು ನಿನ್ನದು. ನಿನಗೆ ಆದ ನಷ್ಟ ದೊಡ್ಡದೇ, ಒಪ್ಪುತ್ತೇನೆ. ಮಾರಿದವರ ಮೇಲೆ ಕಾನೂನಿನ ಕ್ರಮ ಸಾಧ್ಯವಿದ್ದರೆ ಅವಶ್ಯ ಕೈಗೊಳ್ಳು. ಆದರೆ ನಿನ್ನ ಜೇಬಿನ ರಂಧ್ರವನ್ನು ಮುಚ್ಚಲು ಮತ್ತೊಬ್ಬನ ಜೇಬಿನ ಬಟ್ಟೆಯನ್ನು ಕತ್ತರಿಸುವ ಹಕ್ಕು ಅದರಿಂದ ಬರುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಬೈದಷ್ಟೇ ಸುಮ್ಮನಾದರೆ ಮೇಷ್ಟರ ಕೆಲಸ ಮುಗಿಯುವುದಿಲ್ಲ. ಮೊದಲನೆಯದು, ಮಾತುಗಳನ್ನು ಬೇರೆಬೇರೆಯಾಗಿ ಬಳಸಬೇಕು. ಕಾರಿನೊಡನೆ ಹುಟ್ಟಿದ್ದು 'ಮೂಲ'. ಅದೇ ಬಗೆಯ, ಅದೇ ಕಾಲದ ಬೇರೆ ಎಂಜಿನ್ನಾದರೆ 'ಸಮಕಾಲೀನ'. ಬೇರೆ ಕಾಲದ್ದಾದರೆ 'ಬದಲಿ'. ಸಾಧಾರಣ ಕಾರನ್ನು ವಿಶೇಷ ಕಾರಿನಂತೆ ಸಿಂಗರಿಸಿದ್ದರೆ 'ಅನುಕೃತಿ'. ನಾಲ್ಕೂ ಗೌರವದ ಮಾತುಗಳೇ. ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದಾಗ ಮಾತ್ರ ಮೋಸ. ಎರಡನೆಯದು, ಎಂಜಿನ್ನಿನ ಬಗ್ಗೆಯೂ ಗೇರ್‌ಬಾಕ್ಸಿನ ಬಗ್ಗೆಯೂ ಪ್ರತ್ಯೇಕವಾಗಿ ಬರೆಯಬೇಕು. ಒಂದು ಮೂಲವಾಗಿದ್ದು ಇನ್ನೊಂದು ಬದಲಿಯಾಗಿರಬಹುದು. 'ಎಲ್ಲ ಮೂಲ' ಎಂಬ ಸಾರಾಸಗಟು ಮಾತು ಸಂಶಯಾಸ್ಪದ. ಮೂರನೆಯದು, ಯಾವ ಸಂಖ್ಯೆಯನ್ನೂ ಸಾಣೆ ಹಿಡಿಯಬಾರದು, ಹೊಸದಾಗಿ ಒತ್ತಲೂ ಬಾರದು. ಒಡೆದ ಮೂಲ ಬ್ಲಾಕು ಸಿಕ್ಕರೆ ಅದನ್ನು ಗುಜರಿಗೆ ಹಾಕದೆ ಕಾರಿನ ಜೊತೆಗೇ ಇಟ್ಟುಕೊಳ್ಳಬೇಕು. ನಾಲ್ಕನೆಯದು, ಕೊಳ್ಳುವವರು ಹಣ ಕೊಡುವ ಮೊದಲೇ ಜಿಡ್ಡು ಒರೆಸಿ ನೋಡಲು ಕೇಳಬೇಕು. ಒಪ್ಪದವನ ಬಳಿ ಕೊಳ್ಳಬಾರದು.

ಇದೆಲ್ಲ ಹಣವಂತರ ಹವ್ಯಾಸದ ಜಗಳ ಎಂದು ತಳ್ಳಿಹಾಕಬೇಡಿ. ಅಡಿಲೇಡಿನಲ್ಲಿ ಕ್ರೈಸ್ಲರ್ ಕಾರುಗಳನ್ನು ಕಟ್ಟುತ್ತಿದ್ದ ಟಾನ್ಸ್ಲಿ ಪಾರ್ಕ್ ಕಾರ್ಖಾನೆ ಮಿತ್ಸುಬಿಷಿ ಕಂಪನಿಯ ಕೈಸೇರಿ, 2008ರಲ್ಲಿ ಮುಚ್ಚಿತು. ಫೋರ್ಡ್ ಕಂಪನಿ 2016ರ ಅಕ್ಟೋಬರ್ 7ರಂದು ಆಸ್ಟ್ರೇಲಿಯದಲ್ಲಿ ಕಾರು ತಯಾರಿಕೆಯನ್ನು ನಿಲ್ಲಿಸಿತು. ಹೋಲ್ಡನ್ನಿನ ಎಲಿಜಬೆತ್ ಕಾರ್ಖಾನೆ 2017ರ ಅಕ್ಟೋಬರ್ 20ರಂದು ಮುಚ್ಚಿತು. 2020ರಲ್ಲಿ ಹೋಲ್ಡನ್ ಎಂಬ ಹೆಸರನ್ನೇ ಕೈಬಿಡುವುದಾಗಿ ಜನರಲ್ ಮೋಟಾರ್ಸ್ ಪ್ರಕಟಿಸಿತು. ಆ ಸಾಲಿನಲ್ಲಿ ನಿಂತು ಎಂಜಿನ್ನಿಗೆ ಗೇರ್‌ಬಾಕ್ಸು ಕೂಡಿಸಿ, ಸುತ್ತಿಗೆಯಿಂದ ಅಂಕಿ ಒತ್ತಿದ ಸಾವಿರಾರು ಕಾರ್ಮಿಕರಲ್ಲಿ ಅನೇಕರು ಯುದ್ಧಾನಂತರ ಯೂರೋಪಿನಿಂದ ವಲಸೆ ಬಂದ ಬಡವರು. ಅವರು ಮಾಡಿದ ಕೆಲಸಕ್ಕೆ ಉಳಿದಿರುವ ಸಾಕ್ಷಿಗಳಲ್ಲಿ ಆ ಅಂಕಿಗಳೂ ಸೇರಿವೆ. ಒಂದು ಸಂಖ್ಯೆಯನ್ನು ಅಳಿಸಿದಾಗ ಆ ಎಂಜಿನ್ನಿನ ನಿಜವಾದ ಚರಿತ್ರೆ, ಅಂದರೆ 1976ರಲ್ಲಿ ಅದು ಯಾವ ಕಾರಿಗೆ, ಯಾವ ಮನೆಗೆ ಹೋಯಿತೆಂಬುದು, ಮರಳಿ ಬಾರದಂತೆ ಅಳಿದುಹೋಗುತ್ತದೆ. ಹೀಗೆ ಒಂದು ಸುಳ್ಳಿಗಾಗಿ ಎರಡು ಕಾರುಗಳ ಕಥೆ ಹಾಳಾಗುತ್ತದೆ.

ನನ್ನ ವಿದ್ಯಾರ್ಥಿಗೆ ಇಷ್ಟನ್ನೂ ಬರೆದು, ಜಾಹೀರಾತು ಕೊಡುವುದಾದರೆ ಮೊದಲ ಚಿತ್ರವಾಗಿ ಆ ಸಾಣೆ ಹಿಡಿದ ಜಾಗದ್ದನ್ನೇ ಹಾಕು ಎಂದು ಸಲಹೆ ಮಾಡಿದ್ದೇನೆ. ಬೆಲೆ ಇಳಿಯುತ್ತದೆ, ಅನುಮಾನವಿಲ್ಲ. ಆದರೆ ಆ ಕಾರು ಇನ್ನೂ ಚೆನ್ನಾಗಿಯೇ ಇದೆ; ಅದರಲ್ಲಿ ಕುಳಿತು ಬಂದವನು ನಾನು, ಸಾಕ್ಷಿ ಹೇಳಬಲ್ಲೆ. ಅವನಿಂದ ಇನ್ನೂ ಉತ್ತರ ಬಂದಿಲ್ಲ. ಶಾಲೆಯಲ್ಲಿದ್ದಾಗಲೂ ಅವನು ಕಠಿಣವಾದ ಲೆಕ್ಕಕ್ಕೆ ತಡವಾಗಿಯೇ ಉತ್ತರ ಕೊಡುತ್ತಿದ್ದ. ಆದರೆ ಪಕ್ಕದವನ ಪುಸ್ತಕ ನೋಡಿ ಬರೆದವನಲ್ಲ.

ನಿಮ್ಮಲ್ಲಿ ಯಾರಿಗಾದರೂ ನನ್ನ ಮಾತು ಕಠೋರವೆನಿಸಿದರೆ ಸಂಕೋಚವಿಲ್ಲದೆ ಬರೆಯಿರಿ. ಮೇಷ್ಟರನ್ನು ತಿದ್ದುವ ಅವಕಾಶ ದಿನವೂ ಸಿಗುವುದಿಲ್ಲ.